ಹೊಸ್ತಿಲ ಕಟ್ಟಿಗೆಯ ಮೇಜು

ಹಳೆಯ ಕಟ್ಟಿಗೆಯಿಂದ ಸಾದಾ ಮೇಜು ಮಾಡಲು ಬೇಕಾದದ್ದು ಬಹಳವಿಲ್ಲ: ನಾಲ್ಕು ಕಾಲು, ಅವನ್ನು ಬಿಗಿದು ಹಿಡಿಯುವ ನಾಲ್ಕು ಅಡ್ಡಪಟ್ಟಿ, ಮೇಲೆ ಹಾಸಲು ಮೂರ್ನಾಲ್ಕು ಹಲಗೆ. ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಇವಿಷ್ಟೂ ಒಂದು ಬಿಚ್ಚಿದ ಮಾಳಿಗೆ ಮನೆಯಲ್ಲಿ ಸಿಗುತ್ತವೆ. ಮಣ್ಣಿನ ಮಾಳಿಗೆಯ ಭಾರ ಹೊತ್ತಿದ್ದ ತೊಲೆಯನ್ನು ಸೀಳಿದರೆ ಕಾಲುಗಳಾದವು, ಜಂತಿಯಿಂದ ಅಡ್ಡಪಟ್ಟಿ, ಬಾಗಿಲಿನ ಕದದಿಂದ ಹಲಗೆ. ಆಲಮಟ್ಟಿ ಜಲಾಶಯದ ನೀರು 519.6 ಮೀಟರ್ ಮಟ್ಟಕ್ಕೆ ನಿಲ್ಲುವಂತಾದಾಗ ಹಳೇ ಬಾಗಲಕೋಟೆಯ ತಗ್ಗಿನ ಭಾಗ ಹಿನ್ನೀರಿಗೆ ಹೋಯಿತು, ಮೇಲೆ ನವನಗರ ಎದ್ದಿತು. ಮನೆ ಮುಳುಗಲಿ, ಸಾಗವಾನಿಯ ಚೌಕಟ್ಟನ್ನು ಯಾರೂ ಸುಮ್ಮನೆ ನೀರಿಗೆ ಬಿಡುವುದಿಲ್ಲ.

ಬಡಿಗ ಮೊದಲು ಮೊಳೆ ಕೀಳುತ್ತಾನೆ. ಒಳಗೇ ಮುರಿದು ಉಳಿದ ಒಂದೇ ಮೊಳೆ ರಂದದ ಅಲಗನ್ನು ಕೆಡಿಸುತ್ತದೆ. ಗೆದ್ದಲು ತಿಂದಷ್ಟನ್ನು ಗರಗಸದಿಂದ ಕೊಯ್ದು ತೆಗೆಯುತ್ತಾನೆ. ಅಡ್ಡಪಟ್ಟಿಯ ತುದಿಯನ್ನು ಸಣ್ಣಗೆ ಕೆತ್ತಿ, ಕಾಲಿನಲ್ಲಿ ಉಳಿಯಿಂದ ಕೊರೆದ ತೂತಿಗೆ ಕೂಡಿಸಿ, ಕೊಡತಿಯಿಂದ ಬಡಿದು ಕೂರಿಸುತ್ತಾನೆ. ವರ್ಷಗಟ್ಟಲೆ ಒಣಗಿದ ಕಟ್ಟಿಗೆ ಹಸಿ ಹಲಗೆಯ ಹಾಗೆ ಸೊಟ್ಟಗಾಗುವುದಿಲ್ಲ. ಕೆಲಸಗಾರನ ಲೆಕ್ಕದಲ್ಲಿ ಹಳೆಯದೇ ಮೇಲು.

ತೊಡಕು ಇರುವುದು ಬೇರೆ ಕಡೆ. ಆ ರಾಶಿಯಲ್ಲಿ ಹೊಸ್ತಿಲಿನ ತುಂಡೂ ಇರುತ್ತದೆ. ದಿನವೂ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ತುಳಿಯದೆ ದಾಟಿದ ಕಟ್ಟಿಗೆ ಅದು. ಅದನ್ನು ಮೇಜಿನ ಕಾಲು ಮಾಡಬಹುದೇ? ಅದರಲ್ಲಿದ್ದ ಪಾವಿತ್ರ್ಯ ಎಲ್ಲಿಗೆ ಹೋಯಿತು?

ಶಾಸ್ತ್ರಗ್ರಂಥಗಳು ಕಟ್ಟಿಗೆಯ ಪೂರ್ವಚರಿತ್ರೆಯನ್ನು ಬಹಳ ಗಂಭೀರವಾಗಿ ನೋಡುತ್ತವೆ. ಬಾದಾಮಿಯಲ್ಲಿ ಚಾಲುಕ್ಯರು ತಲೆಯೆತ್ತಿದ 6ನೇ ಶತಮಾನದಲ್ಲೇ ಉಜ್ಜಯಿನಿಯ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಮಂಚ, ಪೀಠಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಸಿಡಿಲು ಬಡಿದ ಮರ, ಗಾಳಿಗೆ ಅಥವಾ ನೀರಿಗೆ ಉರುಳಿದ ಮರ, ಸ್ಮಶಾನದಲ್ಲಿ ಬೆಳೆದ ಮರ ಅವನಿಗೆ ನಿಷಿದ್ಧ. ಪೂಜೆಗೊಂಡ ಕಟ್ಟಿಗೆಯ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಜೀರ್ಣವಾದ ಮರದ ಮೂರ್ತಿಯನ್ನು ಸುಡಬೇಕು, ಕಲ್ಲಿನದನ್ನು ನೀರಿಗೆ ಬಿಡಬೇಕು ಎನ್ನುತ್ತದೆ ಅಗ್ನಿಪುರಾಣ. ಪುರಿಯಲ್ಲಿ 2015ರ ನವಕಲೇವರದಲ್ಲಿ ಜಗನ್ನಾಥನ ಹಳೆಯ ದಾರುಮೂರ್ತಿಗಳನ್ನು ದೇವಸ್ಥಾನದ ಆವರಣದಲ್ಲೇ ಹೂಳಲಾಯಿತು. ಒಮ್ಮೆ ದೇವರಾದದ್ದು ಮತ್ತೆ ಬರಿಯ ಕಟ್ಟಿಗೆಯಾಗಬಾರದು ಎಂಬುದೇ ಇಲ್ಲಿನ ಭಾವ. ಹಳೇ ಮನೆಯ ಕಟ್ಟಿಗೆ ಹೊಸ ಮನೆಗೆ ಬೇಡ ಎನ್ನುವ ಇಂದಿನ ವಾಸ್ತು ನಂಬಿಕೆಯ ಹಿಂದೆಯೂ ಇಂಥದೇ ಅಳುಕಿದೆ.

ದಾರ್ಶನಿಕರು ಇದೇ ಗಂಟನ್ನು ಬೇರೆ ತುದಿಯಿಂದ ಬಿಚ್ಚಿದರು. ನ್ಯಾಯ-ವೈಶೇಷಿಕರ ಪ್ರಕಾರ ಬಿಡಿಭಾಗಗಳು ಕೂಡಿದಾಗ ಅವುಗಳಿಗಿಂತ ಬೇರೆಯಾದ ಹೊಸ ದ್ರವ್ಯವೇ ಹುಟ್ಟುತ್ತದೆ. ಭಾಗಗಳು ಬೇರ್ಪಟ್ಟರೆ ಅದು ನಾಶವಾಗುತ್ತದೆ. ಹಾಗಾದರೆ ಚೌಕಟ್ಟು ಬಿಚ್ಚಿದ ಕ್ಷಣಕ್ಕೇ ಬಾಗಿಲು ಇಲ್ಲವಾಯಿತು, ಮೇಜು ಹೊಸದಾಗಿ ಹುಟ್ಟಿತು. ಸಾಂಖ್ಯರು ಇದನ್ನು ಒಪ್ಪರು: ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆ, ಬಡಿಗ ಅದನ್ನು ಹೊರಗೆ ತರುತ್ತಾನೆ ಅಷ್ಟೆ. ಬೌದ್ಧರಿಗೆ ಈ ಜಗಳವೇ ಅನಗತ್ಯ. ಮಿಲಿಂದ ರಾಜನಿಗೆ ನಾಗಸೇನ ಕೊಟ್ಟ ರಥದ ಉದಾಹರಣೆಯಂತೆ, ಅಚ್ಚು, ಗಾಲಿ, ನೊಗಗಳನ್ನು ಬಿಟ್ಟು ರಥವೆಂಬುದು ಬೇರೆ ಇಲ್ಲ. ಅದು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು. ಹೊಸ್ತಿಲೂ ಹಾಗೆಯೇ, ಮೇಜೂ ಹಾಗೆಯೇ. ಮೂರರಲ್ಲಿ ಮೇಜಿಗೆ ಹೆಚ್ಚು ಅನುಕೂಲವಾದುದು ನೈಯಾಯಿಕರ ವಾದ. ಹೊಸ್ತಿಲಿಗೆ ಸಲ್ಲುತ್ತಿದ್ದ ಪೂಜೆ ಮನೆಯ ಒಳಗು ಹೊರಗುಗಳ ನಡುವೆ ಅದಕ್ಕಿದ್ದ ಸ್ಥಾನಕ್ಕೆ ಸಲ್ಲುತ್ತಿತ್ತು. ಆ ಸ್ಥಾನ ನವನಗರದ ಹೊಸ ಮನೆಯಲ್ಲಿ ಹೊಸ ಹೊಸ್ತಿಲಿಗೆ ದಾಟಿದೆ. ಬಳಕೆ ಬದಲಾದಂತೆ ಗುರುತೂ ಬದಲಾಗುವುದಕ್ಕೆ ಐಹೊಳೆಯ ಲಾಡಖಾನ ಗುಡಿಯನ್ನೂ ಇಲ್ಲಿ ನೆನೆಯಬಹುದು. ಚಾವಣಿಯ ಸಂದುಗಳ ಮೇಲೆ ಮರದ ಪಟ್ಟಿಗಳ ಹಾಗೆ ಕಲ್ಲಿನ ಪಟ್ಟಿಗಳನ್ನು ಹೊದಿಸಿದ ಆ ಗುಡಿ ಮುಂದೆ ಒಬ್ಬನ ವಾಸದ ಮನೆಯಾಯಿತು. ಅದರ ಹೆಸರು ಇವತ್ತಿಗೂ ಅವನದೇ.

ಶರಣರು ಪ್ರಶ್ನೆಯನ್ನೇ ಬದಲಿಸಿದರು. 12ನೇ ಶತಮಾನದ ವಚನಕಾರರಲ್ಲಿ ಬಾಚಿಕಾಯಕದ ಬಸವಯ್ಯ ಮರಗೆಲಸದವನು. ಅವನ ಹೆಂಡತಿ ಕಾಳವ್ವೆಯೂ ವಚನಕಾರ್ತಿ. ಅವರ ನಡುವೆ ಕಟ್ಟಿಗೆಯ ಮೈಲಿಗೆಗಿಂತ ಕಾಯಕದ ಶುದ್ಧಿ ದೊಡ್ಡದಾಗಿತ್ತು. ಬಿದ್ದುದನ್ನು ಆಯ್ದು ಬದುಕುವುದೂ ಕಾಯಕವೇ ಎಂಬುದಕ್ಕೆ ಇಳಕಲ್ಲಿನ ಆಚೆ, ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನೇ ಸಾಕ್ಷಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು ಎನ್ನುತ್ತದೆ ಪರಂಪರೆಯ ಕಥೆ. ಕಾಯಕವೆಂದರೆ ಬರೀ ದುಡಿಮೆಯ ಹೊಗಳಿಕೆ ಎಂದು ಭಾಷಣಗಳಲ್ಲಿ ಹೇಳುವವರು ಈ ಅರ್ಧ ಕಥೆಯನ್ನು ಬಿಟ್ಟುಬಿಡುತ್ತಾರೆ. ಆಯ್ದುಕೊಳ್ಳುವುದಕ್ಕೂ ಒಂದು ಮಿತಿಯಿದೆ ಎಂಬುದೇ ಲಕ್ಕಮ್ಮನ ಮಾತಿನ ತಿರುಳು.

ಇದೇ ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬೇರೊಂದು ಜಲಾಶಯದ ಹಿನ್ನೀರು ಏರಿದಾಗ ಬಸವಣ್ಣನ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಅದನ್ನು ಇದ್ದಲ್ಲೇ ಕಾಪಾಡಲಾಯಿತು. ಕಟ್ಟಿ ನಿಲ್ಲಿಸಿದ ಸ್ಥಾವರವನ್ನು ಒರೆಗೆ ಹಚ್ಚಿದವನ ನೆನಪು ಸ್ಥಾವರವಾಗಿಯೇ ಉಳಿಯಿತು! ಭಕ್ತಿಗೆ ಜಾಗ ಬೇಕು, ಅದನ್ನು ತಪ್ಪೆನ್ನಲಾಗದು. ಆದರೆ ಮನೆಯೊಂದರ ಕಟ್ಟಿಗೆಗೆ ಅಷ್ಟು ದೊಡ್ಡ ಗೋಡೆ ಬೇಕಿಲ್ಲ. ಹೊಸ್ತಿಲ ತುಂಡು ಮೇಜಿನ ಕಾಲಾಗಬಹುದು. ಅದಕ್ಕೆ ಶುದ್ಧಿಯ ವಿಧಿಯೂ ಬೇಡ. ಆ ಕಟ್ಟಿಗೆ ಯಾರದು, ಅವರು ಒಪ್ಪಿ ಕೊಟ್ಟರೇ, ಬೇಕಾದಷ್ಟನ್ನೇ ತಂದದ್ದೇ ಎಂಬುದನ್ನು ಕೇಳಿಕೊಂಡರೆ ಸಾಕು.