ಗೂಡುದೀಪ ಯಾರ ಕೈಯದ್ದು?

ಮಂಗಳೂರಿನ ಒಂದು ಶಾಲೆಯಲ್ಲಿ ದೀಪಾವಳಿಗೆ ಮುಂಚೆ ಗೂಡುದೀಪ ಸ್ಪರ್ಧೆ ಏರ್ಪಟ್ಟಿತು. ನಿಯಮಗಳು ಎರಡೇ: ಮಕ್ಕಳೇ ಮಾಡಬೇಕು, ಖರ್ಚು 100 ರೂಪಾಯಿ ದಾಟಬಾರದು. ಏಳನೇ ತರಗತಿಯ ಹುಡುಗಿಯೊಬ್ಬಳು ಅಜ್ಜನ ಜೊತೆ ಜಗಲಿಯಲ್ಲಿ ಕೂತು ಕೆಲಸಕ್ಕೆ ಕೈಹಾಕಿದಳು. ಹಿತ್ತಲ ಬಿದಿರು, ಅಂಗಡಿಯಿಂದ ತಂದ ಬಣ್ಣದ ಕಾಗದ, ದಾರ, ಮೈದಾ ಕಾಯಿಸಿ ಮಾಡಿದ ಅಂಟು. ಮುಗಿದಾಗ ದೀಪ ಒಂದು ಮಗ್ಗುಲಿಗೆ ವಾಲಿತ್ತು. ಕಾಗದದ ಮೇಲೆ ಅಂಟಿನ ಕಲೆಯೂ ಇತ್ತು. ತಾಯಿಗೆ ಕಸಿವಿಸಿಯಾಯಿತು. "ಬೇರೆಯವರೆಲ್ಲ ಚಂದ ಮಾಡಿಸಿ ತರುತ್ತಾರೆ ಮಾವ, ಇದನ್ನು ಕೊಟ್ಟರೆ ಮಗುವಿಗೇ ಅವಮಾನ" ಎಂದರು. ಗೂಡುದೀಪ ಕಟ್ಟುವ ಕಸುಬಿನವರೊಬ್ಬರಿಗೆ ಹೇಳಿ, ಭತ್ತದ ಕಾಳುಗಳನ್ನು ಸಾಲಾಗಿ ಅಂಟಿಸಿದ ದೀಪವೊಂದನ್ನು ಮಾಡಿಸಿದರು. ಅದಕ್ಕೆ ಮಗಳ ಹೆಸರಿನ ಚೀಟಿ ಹಚ್ಚಿದರು. ಮೊದಲ ಬಹುಮಾನವೂ ಬಂತು. ವೇದಿಕೆಯಲ್ಲಿ ತೀರ್ಪುಗಾರರು, "ಕಾಳು ಹೇಗೆ ಅಂಟಿಸಿದೆ ಮಗಾ?" ಎಂದು ಅಕ್ಕರೆಯಿಂದ ಕೇಳಿದರು. ಹುಡುಗಿ ತಾಯಿಯ ಮುಖ ನೋಡಿದಳು.

ಈ ಪ್ರಕರಣವನ್ನು ತೂಗುವ ಮೊದಲು ಆ ಕೆಲಸ ಎಂಥದ್ದೆಂದು ತಿಳಿಯಬೇಕು. ಕರಾವಳಿಯವರು ಗೂಡುದೀಪವೆಂದೂ ಉತ್ತರ ಕರ್ನಾಟಕದವರು ಆಕಾಶಬುಟ್ಟಿಯೆಂದೂ ಕರೆಯುವ ಈ ದೀಪದ ಹಳೆಯ ಕಟ್ಟುಗಳಲ್ಲೊಂದು ಬಹಳ ಸರಳ. ಒಂದೇ ಅಳತೆಯ 24 ಕಡ್ಡಿಗಳಿಂದ 6 ಚೌಕಗಳು. ಅವನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟಿದರೆ ನಡುವೆ 8 ತ್ರಿಕೋನಗಳು ತಾವಾಗಿ ಮೂಡುತ್ತವೆ. ಮೇಲಿನ ಚೌಕಕ್ಕೆ ಕಾಗದ ಹಚ್ಚುವುದಿಲ್ಲ. ಒಳಗಿನ ದೀಪದ ಬಿಸಿ ಅಲ್ಲಿಂದ ಹೊರಹೋಗಬೇಕು. ಕೆಳಗೆ ಕಾಗದದ ಬಾಲ. ಒಂದು ಕಡ್ಡಿ ಬೆರಳಗಲ ಉದ್ದವಾದರೂ ಗೂಡು ವಾಲುತ್ತದೆ. ಬಿದಿರಿನ ಗಂಟಿನಲ್ಲಿ ಕತ್ತಿ ಜಾರುತ್ತದೆ. ಅಂಟು ನೀರಾದರೆ ತೆಳು ಕಾಗದ ಹರಿಯುತ್ತದೆ. ವಾಲಿದ ದೀಪ ಕಟ್ಟಿದ ಮಗುವಿಗೆ ಅದು ಯಾಕೆ ವಾಲಿತೆಂದು ಗೊತ್ತಿರುತ್ತದೆ. ಮುಂದಿನ ಸಲ ಅವಳು ಕಡ್ಡಿಗಳನ್ನೆಲ್ಲ ಜೋಡಿಸಿ ಹಿಡಿದು, ಅಳೆದು ಕತ್ತರಿಸುತ್ತಾಳೆ. ಶಾಲೆ ಕಲಿಸಹೊರಟಿದ್ದು ಇದನ್ನೇ.

ತಾಯಿಯ ಮನಸ್ಸು ಕೆಟ್ಟದ್ದಲ್ಲ. ನಾಲ್ಕು ಜನರ ಮುಂದೆ ಮಗಳು ತಲೆತಗ್ಗಿಸಬಾರದೆಂಬ ಆಸೆ ಯಾವ ತಾಯಿಗಿಲ್ಲ? ದುಡ್ಡು ಕೊಟ್ಟು ದೀಪ ಮಾಡಿಸುವುದೂ ತಪ್ಪಲ್ಲ. ಹಬ್ಬದ ಮುಂಚಿನ ವಾರಗಳಲ್ಲಿ ಗೂಡುದೀಪ ಕಟ್ಟಿ ನಾಲ್ಕು ಕಾಸು ಕಾಣುವ ಮನೆಗಳಿವೆ. ಅವರಿಂದ ಕೊಂಡು ನಮ್ಮ ಬಾಗಿಲಲ್ಲಿ ತೂಗುಹಾಕಿದರೆ ಅವರಿಗೂ ಹಬ್ಬ, ನಮಗೂ ಹಬ್ಬ. ತಪ್ಪು ಇರುವುದು ಆ ಹೆಸರಿನ ಚೀಟಿಯಲ್ಲಿ. ಅದರಿಂದ ಮೂರು ಕಡೆ ಅನ್ಯಾಯವಾಯಿತು.

ಕಾಳು ಕಾಳು ಅಂಟಿಸಿದವರ ಕೌಶಲಕ್ಕೆ ಕೂಲಿ ಸಿಕ್ಕಿತು, ಹೆಸರು ಸಿಗಲಿಲ್ಲ. 100 ರೂಪಾಯಿಯ ಮಿತಿಯನ್ನು ನಂಬಿ ತಾವೇ ಕಟ್ಟಿ ತಂದ ಮಕ್ಕಳು ದುಡ್ಡಿನೆದುರು ಸೋತರು. ಎಲ್ಲಕ್ಕಿಂತ ದೊಡ್ಡ ನಷ್ಟ ಬಹುಮಾನ ಪಡೆದ ಹುಡುಗಿಯದ್ದು. ನಿನ್ನ ಕೈಯಿಂದ ಆಗುವುದು ಸಾಲದು ಎಂಬ ಪಾಠವನ್ನು ಅವಳು ಕಲಿತದ್ದು ತನ್ನ ಮನೆಯಲ್ಲೇ, ತನ್ನನ್ನು ಅತಿಯಾಗಿ ಪ್ರೀತಿಸುವವರಿಂದಲೇ.

ತೀರ್ಪುಗಾರರೂ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 'ನಮ್ಮ ಕುಡ್ಲ' ವಾಹಿನಿ ನಡೆಸಿಕೊಂಡು ಬಂದಿರುವ ಗೂಡುದೀಪ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂಬ ವಿಭಾಗಗಳಿವೆ. ಅಂಥ ಸಾರ್ವಜನಿಕ ಕಣದಲ್ಲಿ ಕೆಲಸದ ನಯ ನೋಡಿ ಬಹುಮಾನ ಕೊಡುವುದು ನ್ಯಾಯ. ಶಾಲೆಯ ಅಂಗಳಕ್ಕೆ ಅದೇ ಅಳತೆಗೋಲನ್ನು ತಂದರೆ ಹೆತ್ತವರು ಅಂಗಡಿಗೆ ಓಡುತ್ತಾರೆ. ಬಿದಿರು, ಕಾಗದ, ದಾರವನ್ನು ಶಾಲೆಯೇ ಕೊಡಲಿ. ಮಕ್ಕಳು ತರಗತಿಯಲ್ಲೇ ಕೂತು ಕಟ್ಟಲಿ. ಕಟ್ಟುವಾಗ ಮಗು ಏನು ಮಾಡಿತೆಂದು ಮೇಷ್ಟ್ರು ನೋಡಲಿ. ಆಗ ಸುಳ್ಳಿಗೆ ಎಡೆಯೇ ಇರುವುದಿಲ್ಲ.

ಕಡಿಮೆ ಖರ್ಚಿನ ಅಲಂಕಾರವೆಂದರೆ ಇಲ್ಲದವರ ಪಾಡು ಎಂದು ತಿಳಿಯುವುದು ಹೆಚ್ಚುತ್ತಿದೆ. ನಮ್ಮ ಹಬ್ಬಗಳನ್ನು ನೋಡಿ: ಯುಗಾದಿಯ ಮಾವಿನ ತೋರಣ, ಸಂಕ್ರಾಂತಿಯ ರಂಗೋಲಿ, ಆಯುಧಪೂಜೆಯ ಚೆಂಡುಹೂವಿನ ಮಾಲೆ. ಯಾವುದಕ್ಕೂ ಹೆಚ್ಚು ದುಡ್ಡು ಬೇಡ. ಬೇಕಾದದ್ದು ಸ್ವಲ್ಪ ಹೊತ್ತು, ಸ್ವಲ್ಪ ಕೈಗುಣ. ಸಾಹುಕಾರನ ಬಾಗಿಲಿಗೂ ಕೂಲಿಯವನ ಬಾಗಿಲಿಗೂ ಅದೇ ಮಾವಿನೆಲೆ. ಹಬ್ಬದ ದಿನ ಯಾವ ಮನೆಯೂ ಇನ್ನೊಂದರ ಮುಂದೆ ಸಣ್ಣದಾಗದಂತೆ ಕಾಯ್ದದ್ದು ಈ ಅಗ್ಗದ ಸಾಮಗ್ರಿಗಳೇ. ಶಾಲೆ ಹಾಕಿದ 100 ರೂಪಾಯಿಯ ಗೆರೆಯಲ್ಲೂ ಅದೇ ವಿವೇಕವಿತ್ತು. ಆ ಗೆರೆ ದಾಟಿದವರು ಮುರಿದದ್ದು ಹಬ್ಬದ ಸಮಾನತೆಯನ್ನು.

ನನ್ನ ತೀರ್ಪು ಇಷ್ಟು: ಆ ಬಹುಮಾನ ಶಾಲೆಗೆ ಮರಳಬೇಕು, ಮರಳಿಸುವಾಗ ತಾಯಿ ಮಗಳ ಜೊತೆಗೆ ನಿಂತಿರಬೇಕು. ಮಾಡಿದವರ ಹೆಸರನ್ನು ನಾಲ್ಕು ಜನರಿಗೆ ಹೇಳಿ, ಅವರಿಗೆ ಇನ್ನಷ್ಟು ಕೆಲಸ ಸಿಗುವಂತೆ ಮಾಡಬೇಕು. ಇನ್ನು ಓದುತ್ತಿರುವ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಈ ದೀಪಾವಳಿಗೆ ಮಗುವಿನ ಜೊತೆ ಕೂತುಕೊಳ್ಳಿ. ಬಿದಿರು ಸೀಳುವ ಕತ್ತಿ ನಿಮ್ಮ ಕೈಯಲ್ಲಿರಲಿ, ಕಟ್ಟುವ ದಾರ ಮಗುವಿನ ಕೈಯಲ್ಲಿರಲಿ. ವಾಲಿದರೂ ಸರಿ, ಮಗು ಕಟ್ಟಿದ ದೀಪವನ್ನೇ ಮುಂಬಾಗಿಲಿಗೆ ತೂಗುಹಾಕಿ.