ಛಾಯಾಗ್ರಹಣವೂ ಅಚೌರ್ಯಾಣುವ್ರತವೂ

ಛಾಯಾಚಿತ್ರ ತೆಗೆಯುವ ಹವ್ಯಾಸವುಳ್ಳ ಶ್ರಾವಕನಿಂದ ಅಚೌರ್ಯಾಣುವ್ರತಕ್ಕೆ ಭಂಗ ಬರಬಹುದೇ ಎಂಬುದು ಮೇಲುನೋಟಕ್ಕೆ ವಿಚಿತ್ರವಾದ ಪ್ರಶ್ನೆ. ವ್ಯಾಪಾರಿಗಳಾದ ನಮಗೆ ಈ ವ್ರತದ ಅತಿಚಾರಗಳು ಬಾಲ್ಯದಿಂದಲೇ ಪರಿಚಿತ. ಕಳ್ಳಮಾಲನ್ನು ಕೊಳ್ಳಬಾರದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡಬಾರದು, ಒಳ್ಳೆಯ ಸರಕಿನ ಹೆಸರಿನಲ್ಲಿ ಕೀಳು ಸರಕನ್ನು ಮಾರಬಾರದು. ಇಷ್ಟನ್ನು ಪಾಲಿಸಿದರೆ ವ್ರತ ಉಳಿಯಿತೆಂದು ಅಂಗಡಿಯ ಬಾಗಿಲು ಹಾಕಿ ನೆಮ್ಮದಿಯಿಂದ ಮನೆಗೆ ಹೋಗುತ್ತೇವೆ. ನಾನೂ ಹಾಗೆಯೇ ಹೋಗುತ್ತಿದ್ದೆ, ಕೊರಳಲ್ಲಿ ಕ್ಯಾಮೆರಾ ತೂಗುಹಾಕಿಕೊಂಡು.

ಬೆಂಗಳೂರಿನ ಪೇಟೆಯನ್ನು ಬೆಳಗಿನ ಆರೂವರೆಯಿಂದ ಎಂಟರವರೆಗೆ ನೋಡಬೇಕು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ರಾಶಿಗಳು, ತರಗುಪೇಟೆಯಲ್ಲಿ ಮೂಟೆ ಹೊತ್ತು ಬಾಗಿದ ಬೆನ್ನುಗಳು, ಟಾರ್ಪಾಲಿನ ಹರಕಿನಿಂದ ಧೂಳಿನೊಳಗೆ ಕೋಲಿನಂತೆ ಇಳಿಯುವ ಬಿಸಿಲು. ಸಾಮಾನ್ಯರ ಸಾಮಾನ್ಯ ದಿನಚರಿಯೇ ಕಲೆಗೆ ಯೋಗ್ಯವಾದ ವಸ್ತುವೆಂಬುದನ್ನು ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳಿಂದ ನನ್ನ ಪೀಳಿಗೆಯ ಅನೇಕ ಹವ್ಯಾಸಿಗಳು ಕಲಿತೆವು. ಒಂದು ರೋಲಿಗೆ ಮೂವತ್ತಾರು ಚಿತ್ರ. ಆದ್ದರಿಂದ ನೋಡುವುದು ಹೆಚ್ಚು, ತೆಗೆಯುವುದು ಕಡಿಮೆ. ಅದೊಂದು ಬಗೆಯ ಪರಿಮಾಣವ್ರತವೇ ಆಗಿತ್ತೆಂದು ಈಗ ಅನ್ನಿಸುತ್ತದೆ.

1994ರ ಬೇಸಿಗೆಯ ಒಂದು ಮಧ್ಯಾಹ್ನ ತರಗುಪೇಟೆಯಲ್ಲಿ ಒಬ್ಬ ಹಮಾಲಿ ಕಡಲೆಬೇಳೆಯ ಮೂಟೆಗಳ ಮೇಲೆ ಮಲಗಿ ನಿದ್ರಿಸುತ್ತಿದ್ದ. ಮೈಮೇಲೆ ಅಂಗಿಯಿಲ್ಲ, ಬಾಯಿ ತುಸು ತೆರೆದಿತ್ತು, ಮೂಟೆ ಎಳೆಯುವ ಕೊಕ್ಕೆಯನ್ನು ನಿದ್ದೆಯಲ್ಲಿಯೂ ಬಲಗೈ ಬಿಟ್ಟಿರಲಿಲ್ಲ. ನಾನು ಸದ್ದಾಗದಂತೆ ಹತ್ತಿರ ಹೋಗಿ ಎರಡು ಚಿತ್ರ ತೆಗೆದೆ. ಅದರಲ್ಲೊಂದಕ್ಕೆ ಹವ್ಯಾಸಿಗಳ ಪ್ರದರ್ಶನದಲ್ಲಿ ಎರಡನೆಯ ಬಹುಮಾನ ಬಂತು. ಕಟ್ಟು ಹಾಕಿಸಿ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತೂಗುಹಾಕಿದೆ. ಬಂದ ಗಿರಾಕಿಗಳೆಲ್ಲ ಹೊಗಳಿದರು.

ನಾಲ್ಕು ತಿಂಗಳ ನಂತರ ಅದೇ ಹಮಾಲಿ ಲಾರಿಯ ಮಾಲು ಇಳಿಸಲು ನಮ್ಮ ಅಂಗಡಿಗೇ ಬಂದ. ಗೋಡೆಯನ್ನು ಬಹಳ ಹೊತ್ತು ನೋಡಿದ. "ಎಬ್ಬಿಸಿದ್ರೆ ಅಂಗಿ ಹಾಕ್ಕೊಂಡು ನಿಲ್ತಿದ್ನಲ್ಲ, ಯಜಮಾನ್ರೆ" ಎಂದ. ಕೋಪವಿರಲಿಲ್ಲ. ನಾನು ನೂರು ರೂಪಾಯಿ ಕೊಟ್ಟೆ, ತೆಗೆದುಕೊಂಡು ಮಡಿಸಿಟ್ಟುಕೊಂಡ. ಹೋಗುವಾಗ ಮೆಲ್ಲಗೆ, "ಮಗಳಿಗೆ ಗಂಡು ನೋಡ್ತಾ ಇದೀವಿ. ಅವರ ಕಡೆಯೋರು ಈ ಪೇಟೆಗೆ ಬಂದು ಹೋಗೋರು. ಅದನ್ನ ಒಂಚೂರು ಇಳಿಸಿಬಿಡಿ" ಎಂದ. ಆಗಲಿ ಎಂದೆ. ಇಳಿಸಿದ್ದು ಎಂಟು ದಿನಗಳ ಮೇಲೆ. ಅಷ್ಟರಲ್ಲಿ ಅವನು ಇನ್ನೊಮ್ಮೆ ಬಂದು, ಬಾಗಿಲಿನಿಂದಲೇ ಗೋಡೆಯನ್ನು ನೋಡಿ ಹಿಂದಿರುಗಿದನೆಂದು ನಮ್ಮ ಗುಮಾಸ್ತರು ಹೇಳಿದರು. ಮುಂದೆ ನಮ್ಮ ಅಂಗಡಿಗೆ ಮಾಲು ಇಳಿಸಲು ಅವನು ಬರಲಿಲ್ಲ.

ನಾನು ಅವನಿಂದ ಏನನ್ನು ತೆಗೆದುಕೊಂಡೆ? ಅವನ ಬಳಿ ಇದ್ದದ್ದೊಂದೂ ಕಡಿಮೆಯಾಗಲಿಲ್ಲ. ಆದರೂ ನಾವು ಈ ಕಲೆಯನ್ನು ಕರೆಯುವುದೇ ಛಾಯಾ'ಗ್ರಹಣ' ಎಂದು. ಛಾಯೆ ಎಂಬುದು ಶೂನ್ಯವಲ್ಲ, ಅದೂ ಪುದ್ಗಲದ ಒಂದು ಪರ್ಯಾಯವೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಎಣಿಸುತ್ತದೆ. ಕನ್ನಡಿಯಲ್ಲಿ ಮೂಡುವ ಬಿಂಬವನ್ನೂ ಪೂಜ್ಯಪಾದಾಚಾರ್ಯರು ಛಾಯೆಯಲ್ಲಿಯೇ ಸೇರಿಸಿದ್ದಾರೆ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂಬ ಲಕ್ಷಣಕ್ಕೆ ವ್ಯಾಖ್ಯಾನ ಬರೆಯುವಾಗ ಅವರೇ ಸರ್ವಾರ್ಥಸಿದ್ಧಿಯಲ್ಲಿ ಒಂದು ಸೊಗಸಾದ ಆಕ್ಷೇಪವನ್ನು ಎತ್ತುತ್ತಾರೆ. ಭಿಕ್ಷೆಗಾಗಿ ಊರಿನಲ್ಲಿ ಸಂಚರಿಸುವ ಮುನಿಯು ಬೀದಿಯನ್ನೂ ಬಾಗಿಲನ್ನೂ ಯಾರನ್ನೂ ಕೇಳದೆ ಬಳಸುತ್ತಾನಲ್ಲ, ಅದೂ ಕಳವಾಗಬೇಡವೇ? ಇಲ್ಲ, ಅವು ಎಲ್ಲರಿಗೂ ಬಿಟ್ಟಿರುವಂಥವು. ಮುಚ್ಚಿದ ಬಾಗಿಲೊಳಗೆ ಮುನಿಯು ಹೋಗುವುದಿಲ್ಲ. ಇದು ಅವರ ಸಮಾಧಾನ. ಪ್ರಮಾದದಿಂದ ಕೂಡಿದ ಪ್ರವೃತ್ತಿ ಇಲ್ಲದ ಕಡೆ ಸ್ತೇಯದೋಷವಿಲ್ಲವೆಂಬುದನ್ನೂ ಅವರು ನೆನಪಿಸುತ್ತಾರೆ.

ನನ್ನ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ. ಬೀದಿ ಎಲ್ಲರದು, ಅಲ್ಲಿ ನಡೆದಾಡುವವನ ಮುಖವೂ ಎಲ್ಲರ ಕಣ್ಣಿಗೆ ತೆರೆದದ್ದು. ಎಚ್ಚರವಿರುವವನು ಕ್ಯಾಮೆರಾ ಕಂಡರೆ ಮುಖ ತಿರುಗಿಸಬಲ್ಲ, ಬೇಡವೆಂದು ಕೈಯೆತ್ತಬಲ್ಲ. ನಿದ್ರಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಬೀದಿಯಲ್ಲಿಯೇ ಮಲಗಿದ್ದರೂ ಅವನ ಬಾಗಿಲು ಮುಚ್ಚಿದೆ. ನಾನು ಸದ್ದಾಗದಂತೆ ಹೆಜ್ಜೆಯಿಟ್ಟದ್ದೇ ಅದಕ್ಕೆ ಸಾಕ್ಷಿ. ತೆರೆದ ಬಾಗಿಲೊಳಗೆ ಯಾರೂ ತುದಿಗಾಲಿನಲ್ಲಿ ಹೋಗುವುದಿಲ್ಲ. ಅಷ್ಟನ್ನು ಚಿತ್ರದ ಆವೇಶದಲ್ಲಿ ನಡೆದ ತಪ್ಪೆಂದು ಬಿಟ್ಟರೂ, ಅವನು ಬಾಯಿಬಿಟ್ಟು ಕೇಳಿದ ನಂತರದ ಎಂಟು ದಿನಗಳಿಗೆ ನನ್ನಲ್ಲಿ ಯಾವ ಸಮಾಧಾನವೂ ಇಲ್ಲ.

ಇದಕ್ಕೆ ಬಲವಾದ ಪ್ರತಿವಾದವುಂಟು. ಕೇಳಿ ತೆಗೆದರೆ ಜನ ಅಂಗಿ ತೊಟ್ಟು ಸೆಟೆದು ನಿಲ್ಲುತ್ತಾರೆ. ನಗರದ ನಿಜವಾದ ಬದುಕು ಆ ಕ್ಷಣವೇ ಮಾಯವಾಗುತ್ತದೆ. ಬಡವರ ಪಾಡು ಲೋಕದ ಕಣ್ಣಿಗೆ ಬೀಳುವುದೇ ಇಲ್ಲ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ, ಡೊರೊಥಿಯಾ ಲ್ಯಾಂಗ್ ಎಂಬಾಕೆ ಮಕ್ಕಳೊಂದಿಗೆ ಕುಳಿತಿದ್ದ ತಾಯಿಯೊಬ್ಬಳ ಚಿತ್ರ ತೆಗೆದಳು. ಅದು ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ ಸುಮಾರು ಒಂಬತ್ತು ಟನ್ ಆಹಾರ ಕಳುಹಿಸಿತು. ಇದು ಜಮೆಯ ಪುಟ. ಖರ್ಚಿನ ಪುಟವನ್ನೂ ನೋಡಬೇಕಲ್ಲ. ಆಹಾರ ಬರುವ ಹೊತ್ತಿಗೆ ಆ ಕುಟುಂಬ ಬೇರೆಡೆಗೆ ಹೊರಟುಹೋಗಿತ್ತು. ಲ್ಯಾಂಗ್ ಆಕೆಯ ಹೆಸರನ್ನೂ ಕೇಳಿರಲಿಲ್ಲ. ಚಿತ್ರ ಜಗತ್ಪ್ರಸಿದ್ಧವಾಯಿತು. 1978ರಲ್ಲಿ ಪತ್ತೆಯಾದ ಆ ತಾಯಿ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಆ ಚಿತ್ರವನ್ನು ತೆಗೆಯದೆಯೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಬಿಡಿಗಾಸೂ ಬರಲಿಲ್ಲವೆಂದಳು. ಬಿಡಾರದ ಹಸಿವು ತಣಿದದ್ದು ನಿಜ, ಆಕೆಯ ನೋವೂ ನಿಜ. ಒಂದನ್ನು ಇನ್ನೊಂದರಿಂದ ಕಳೆದು ಬಾಕಿ ತೆಗೆಯುವ ಲೆಕ್ಕ ವಾಣಿಜ್ಯಶಾಸ್ತ್ರ ಓದಿದ ನನಗೂ ಬರುವುದಿಲ್ಲ.

ಕಾನೂನನ್ನು ಕೇಳೋಣವೆಂದರೆ, ನ್ಯೂಯಾರ್ಕಿನ ಬೀದಿಯಲ್ಲಿ ತನಗರಿವಿಲ್ಲದಂತೆ ಚಿತ್ರಿತನಾದ ಒಬ್ಬ ಯಹೂದಿ ವೃದ್ಧ, ಇದು ತನ್ನ ಧರ್ಮಕ್ಕೆ ವಿರುದ್ಧವೆಂದು ದಾವೆ ಹೂಡಿದ. 2006ರಲ್ಲಿ ಅಲ್ಲಿನ ನ್ಯಾಯಾಲಯ ಅದು ಕಲೆಯೆಂದು ಛಾಯಾಗ್ರಾಹಕನ ಪಕ್ಷವನ್ನೇ ಹಿಡಿಯಿತು. ಇರಲಿ. ಕಾನೂನು ಬಿಟ್ಟದ್ದನ್ನೆಲ್ಲ ಶ್ರಾವಕನು ಮಾಡಬಹುದೆಂದಿದ್ದರೆ ಅಣುವ್ರತಗಳೇ ಬೇಕಿರಲಿಲ್ಲ.

ಹವ್ಯಾಸಿಗಳ ಮಾತು ಹಾಗಿರಲಿ, ನಮ್ಮ ಟ್ರಸ್ಟುಗಳ ವಿಷಯಕ್ಕೆ ಬರುತ್ತೇನೆ. ಬಸದಿಯ ಗರ್ಭಗೃಹದ ಬಾಗಿಲಲ್ಲಿ ಛಾಯಾಚಿತ್ರ ತೆಗೆಯಬಾರದೆಂದು ಫಲಕ ಹಾಕುತ್ತೇವೆ. ಅದೇ ಬಸದಿಯ ಅಂಗಳದಲ್ಲಿ ಕಂಬಳಿ, ಪಠ್ಯಪುಸ್ತಕ, ಔಷಧಿ ಹಂಚುವಾಗ ಪಡೆಯುವವರನ್ನು ಸಾಲಾಗಿ ನಿಲ್ಲಿಸಿ, ಕಂಬಳಿಯ ಒಂದು ತುದಿ ದಾನಿಯ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ ಇರುವಂತೆ ಮಾಡಿ ಚಿತ್ರ ತೆಗೆಸುತ್ತೇವೆ. ಸ್ಮರಣಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಬೇಡವೆಂದರೆ ಕಂಬಳಿ ಸಿಗದೇ ಹೋದೀತೆಂಬ ಭಯ ಇರುವವನು ಒಪ್ಪಿಕೊಂಡದ್ದನ್ನು ದತ್ತವೆಂದು ಹೇಗೆ ಕರೆಯೋಣ? ಕಂಬಳಿ ಕೊಟ್ಟು ಮುಖ ಪಡೆದರೆ ಅದು ವಿನಿಮಯವಾಯಿತು. ಆಹಾರ, ಔಷಧ, ಶಾಸ್ತ್ರದಾನಗಳ ಜೊತೆಗೆ ಅಭಯದಾನವನ್ನೂ ಎಣಿಸಿದ ಪರಂಪರೆ ನಮ್ಮದು. ಒಂದು ಟ್ರಸ್ಟಿನ ಸಭೆಯಲ್ಲಿ ನಾನಿದನ್ನು ಹೇಳಿದಾಗ, ಚಿತ್ರವಿಲ್ಲದೆ ದಾನಿಗಳಿಗೆ ನಂಬಿಕೆ ಬರುವುದು ಹೇಗೆ ಎಂದು ಹಿರಿಯರೊಬ್ಬರು ಕೇಳಿದರು. ರಸೀದಿ ಇದೆಯಲ್ಲ, ಲೆಕ್ಕಪರಿಶೋಧನೆ ಇದೆಯಲ್ಲ ಎಂದೆ. ಚರ್ಚೆಯನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ಹಳೆಯ ಫಿಲಂ ಬಗ್ಗೆಯೂ ಒಂದು ಮಾತು. ಅದರ ಲೇಪವನ್ನು ಹಿಡಿದಿಡುವ ಜೆಲಟಿನ್ ದನಗಳ ಮೂಳೆ ಮತ್ತು ಚರ್ಮದಿಂದ ಬಂದದ್ದು. ಮಾತ್ರೆಯ ಮೇಲಿನ ಹೊದಿಕೆ ಯಾವುದೆಂದು ವಿಚಾರಿಸುವ ನಾವು ಅದನ್ನು ಕೊರಳಿಗೆ ಕಟ್ಟಿಕೊಂಡು ಅಲೆದೆವು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ಹಿಂಸೆ ತಪ್ಪಿತು. ಮೂವತ್ತಾರರ ಮಿತಿಯೂ ಹೋಯಿತು. ಮೊಮ್ಮಗಳ ಮೊಬೈಲಿನಲ್ಲಿ ಸಾವಿರಾರು ಮುಖಗಳಿವೆ. ಕಳೆದ ವರ್ಷ ಗಾಂಧಿಬಜಾರಿನಲ್ಲಿ ಹೂವಾಡಗಿತ್ತಿಯೊಬ್ಬರ ಚಿತ್ರವನ್ನು ಅವಳು ತೆಗೆದು, ತಾನಾಗಿಯೇ ಹೋಗಿ ತೋರಿಸಿದಳು. ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಇದು ಬ್ಯಾಡ ಕಣವ್ವ, ಇನ್ನೊಂದು ತೆಗಿ" ಎಂದು ಸೆರಗು ಸರಿಪಡಿಸಿಕೊಂಡರು. ಮೊದಲನೆಯದೇ ಚಿತ್ರವಾಗಿ ಉತ್ತಮವಾಗಿತ್ತು. ಮೊಮ್ಮಗಳು ಅದನ್ನು ಅವರೆದುರಿಗೇ ಅಳಿಸಿದಳು.

ತರಗುಪೇಟೆಯ ಹಮಾಲಿಯ ನೆಗೆಟಿವ್ ಇನ್ನೂ ನನ್ನ ಬೀರುವಿನಲ್ಲಿದೆ. ಮತ್ತೆ ಮುದ್ರಿಸಿಲ್ಲ, ಸುಟ್ಟೂ ಇಲ್ಲ. ಪ್ರತಿ ವರ್ಷ ಪರ್ಯುಷಣದ ಕ್ಷಮಾವಣಿಯ ದಿನ ಅದನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ನೆಗೆಟಿವ್ ಆದ್ದರಿಂದ ಅವನ ಮುಖ ಕಪ್ಪಾಗಿ, ಕೊಕ್ಕೆ ಬೆಳ್ಳಗೆ ಕಾಣುತ್ತದೆ.