ಕಬ್ಬಿಣದ ಭಿಕ್ಷೆ

ಮದ್ದೂರಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವ ನಾನು ಮಳವಳ್ಳಿ ಕಡೆಯವಳು. ನಮ್ಮದು ಮಂಟೇಸ್ವಾಮಿ ಒಕ್ಕಲು. ಕಟ್ಟು ಬಿಡಿಸಿಕೊಳ್ಳುವುದೆಂದರೆ ಕಟ್ಟಿದ್ದನ್ನೆಲ್ಲ ಕೊಳೆಯೆಂದು ತೊಳೆದುಹಾಕುವುದೇ? ಈ ಪ್ರಶ್ನೆ ನನ್ನನ್ನು ಹಿಡಿದುಕೊಳ್ಳುವುದು ಮಠದಲ್ಲಲ್ಲ, ಪ್ರಯೋಗಶಾಲೆಯಲ್ಲಿ.

1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂದಾಗಿನಿಂದ ಮಂಡ್ಯಕ್ಕೆ ಕಾಕಂಬಿಯ ವಾಸನೆ ಹೊಸದಲ್ಲ. ಅಂಥ ಸಿಹಿಯನ್ನು ಬ್ಯಾಕ್ಟೀರಿಯಾ ಹುಳಿಸಿದರೆ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಹುಳಿ ಏರಿದರೆ ಹುಟ್ಟಿಸಿದ ಜೀವಕ್ಕೇ ಕುತ್ತು. ಅದಕ್ಕೇ ಹುಳಿಸುವ ತೊಟ್ಟಿಗೆ ಅಮೋನಿಯ ಬಿಡುತ್ತ, ಹುಳಿಯನ್ನು ಅಮೋನಿಯಂ ಲವಣವಾಗಿ ಕಟ್ಟಿಡುತ್ತಾರೆ. ಕಷ್ಟವಿರುವುದು ಬಿಡಿಸುವುದರಲ್ಲಿ. ದ್ರಾವಕ ಹಾಕಿ ಎಷ್ಟು ಕುಲುಕಿದರೂ ಲವಣ ನೀರು ಬಿಟ್ಟು ಕದಲದು. ದಾಟುವುದು ಬಿಡಿ ಆಮ್ಲ ಮಾತ್ರ. ಪಿಎಚ್ 6ರಲ್ಲಿ ಅದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಕಾಯಿಸಬೇಕು. ಅಮೋನಿಯ ಮೇಲೆ ಹೋದಷ್ಟೂ, ದ್ರಾವಕ ಆಮ್ಲವನ್ನು ಸೆಳೆದಷ್ಟೂ, ಉಳಿದ ಲವಣ ಬಿಚ್ಚಿಕೊಳ್ಳುತ್ತ ಬರುತ್ತದೆ. ನಳಿಕೆಯ ಬಾಯಿಗೆ ಹಿಡಿದ ಒದ್ದೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ, ಘಾಟು ಬಡಿದು ಮಕ್ಕಳು ಮುಖ ತಿರುಗಿಸುತ್ತಾರೆ. "ತೊಟ್ಟಿಯಲ್ಲಿ ಆ ಜೀವಗಳನ್ನು ಕಾಪಾಡಿದ್ದು ಈ ಘಾಟೇ ಕಣ್ರಪ್ಪ" ಎನ್ನುತ್ತೇನೆ.

ಸಲ್ಫ್ಯೂರಿಕ್ ಆಮ್ಲ ಸುರಿದರೆ ಕೆಲಸ ಬೇಗ. ಆದರೆ ಅಮೋನಿಯ ಸಲ್ಫೇಟಿಗೆ ಸಿಕ್ಕಿಬೀಳುತ್ತದೆ: ಒಂದರ ಬಿಡುಗಡೆಗೆ ಇನ್ನೊಂದರ ಸೆರೆ. ಕಾಯಿಸಿ ಬಿಡಿಸಿದರೆ ಅದೇ ಅಮೋನಿಯವನ್ನು ಹಿಡಿದು ಮತ್ತೆ ತೊಟ್ಟಿಗೆ ಬಿಡಬಹುದು. ಆತುರಕ್ಕೆ ಕಾವು ಅತಿಯಾಯಿತೋ, ಲವಣದೊಳಗಿನ ನೀರು ಹಾರಿ ಅಮೈಡ್ ಆಗುತ್ತದೆ. ಆ ಕಟ್ಟು ಮೊದಲಿನದಕ್ಕಿಂತ ಬಿಗಿ.

ಹಾಗೆ ಕಾಪಾಡಿದ ಕಟ್ಟನ್ನು ಕಂಡ ಮೇಲೆ, ತಾಯಿತಂದೆ, ನಂಟು, ಕಸುಬು ಎಲ್ಲ ಮಲ, ಕಳಚಿ ಬಾ ಎನ್ನುವ ವೈರಾಗ್ಯವನ್ನು ನಾನು ಒಪ್ಪಲಾರೆ. ನಮ್ಮ ಪರಂಪರೆಯ ಹಾಡುಗಾರರಾದ ನೀಲಗಾರರು ಹಾಡುವ ಕಥೆಯಲ್ಲಿ ಗುರು ಮಂಟೇಸ್ವಾಮಿ, ಕಬ್ಬಿಣದ ಕಸುಬಿನ ಪಾಂಚಾಳರ ಮನೆಯ ಕೆಂಪಾಚಾರಿಯನ್ನು ಶಿಶುಮಗನಾಗಿ ಬೇಡುತ್ತಾರೆ. ಹೆತ್ತವರು ಸುಲಭಕ್ಕೆ ಕೊಡುವುದಿಲ್ಲ, ಕೊಡಬೇಕೂ ಇರಲಿಲ್ಲ. ಗುರು ಸೆಳೆಯುತ್ತಾರೆ, ಹುಡುಗ ಬೇಯುತ್ತಾನೆ, ಸಿದ್ಧಪ್ಪಾಜಿಯಾಗುತ್ತಾನೆ. ಕಥೆ ಅಲ್ಲಿಗೇ ನಿಂತಿದ್ದರೆ ನನಗೆ ಅದರ ಮೇಲೆ ಇಷ್ಟು ಅಕ್ಕರೆ ಇರುತ್ತಿರಲಿಲ್ಲ. ಗುರು ಅವನನ್ನು ನಮ್ಮ ಮಳವಳ್ಳಿ ಸೀಮೆಯ ಹಲಗೂರಿಗೆ ಕಳಿಸುತ್ತಾರೆ, ಅವನದೇ ಕುಲದ ಕುಲುಮೆಯವರ ಮುಂದೆ ಜೋಳಿಗೆ ಒಡ್ಡಿ ಕಬ್ಬಿಣದ ಭಿಕ್ಷೆ ತರಲು. ಪಾಂಚಾಳರು ಅವನಿಗೆ ಒಡ್ಡಿದ ಪರೀಕ್ಷೆಗಳನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ: ಕುಲದ ಮಗನನ್ನು ಕಳೆದುಕೊಂಡವರು ಅವರು. ಆದರೂ ಗುರುವಿಗೆ ಬೇಕಾದ ಕಬ್ಬಿಣ ಇದ್ದದ್ದು ಅವರ ಹತ್ತಿರವೇ.